ಕೆಂಪಣ್ಣನಿಗೆ ಚಳಿಯಾದಾಗ

ಮೀನು ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಬಾಯಲ್ಲಿ ನೀರೂರುತ್ತದೆ, ಇನ್ನು ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಇವತ್ತು ಹೇಳಹೊರಟಿರುವ ಮೀನು ಈ ಎರಡೂ ಪಂಗಡಕ್ಕೆ ಸೇರಿದ್ದಲ್ಲ. ಹೆಬ್ಬೆರಳಿನಷ್ಟು ಉದ್ದ, ಸೀರೆಯ ಸೆರಗಿನಂಥ ಬಾಲ, ಕುಂಕುಮದ ಬಣ್ಣ. ಅಂಗಡಿಯವರು ಅದನ್ನು ಫೈಟರ್ ಮೀನು ಎನ್ನುತ್ತಾರೆ. ಪುಸ್ತಕದಲ್ಲಿ ಅದರ ಹೆಸರು ಬೆಟ್ಟಾ. ನಮ್ಮ ಮನೆಯಲ್ಲಿ ಅದು ಕೆಂಪಣ್ಣ.

ಕೆಂಪಣ್ಣ ದೆಹಲಿಯ ನಮ್ಮ ಫ್ಲಾಟಿಗೆ ಬಂದದ್ದು 2021ರ ನವೆಂಬರಿನಲ್ಲಿ, ಹುಟ್ಟುಹಬ್ಬದ ಪಾರ್ಟಿಯೊಂದರ ರಿಟರ್ನ್ ಗಿಫ್ಟ್ ಆಗಿ. ಹೌದು, ಈಗ ಹಾಗೂ ಕೊಡುತ್ತಾರೆ. ಬಲೂನು, ಪೆನ್ಸಿಲ್ ಡಬ್ಬಿ ಕೊಡುತ್ತಿದ್ದ ಕಾಲ ಹೋಯಿತು. ಹನ್ನೆರಡು ಮಕ್ಕಳಿಗೆ ಹನ್ನೆರಡು ಪ್ಲಾಸ್ಟಿಕ್ ಕವರು, ಒಂದೊಂದರಲ್ಲೂ ಒಂದು ಜೀವ. ನನ್ನ ಮಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಲಿಫ್ಟಿನಿಂದ ಇಳಿದು ಬಂದ ರೀತಿ ನೋಡಿ ನನಗೆ ಬೇಡ ಅನ್ನಲು ಮನಸ್ಸಾಗಲಿಲ್ಲ. ಮರುದಿನ ಹತ್ತಿರದ ಅಂಗಡಿಗೆ ಹೋಗಿ ಎರಡು ಲೀಟರು ನೀರು ಹಿಡಿಯುವ ಗುಂಡನೆಯ ಗಾಜಿನ ಬಟ್ಟಲು, ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ ತಂದೆವು. ಅಂಗಡಿಯವನು ಹೇಳಿದ್ದು ನನಗೆ ಇನ್ನೂ ನೆನಪಿದೆ. ಇದಕ್ಕೆ ಪಂಪು ಬೇಡ, ಫಿಲ್ಟರ್ ಬೇಡ, ಏನೂ ಬೇಡ ಮೇಡಂ, ಇದು ಗಾಳಿ ಕುಡಿದು ಬದುಕುವ ಮೀನು ಅಂದ.

ಅದು ಅರ್ಧ ಸತ್ಯ. ಬೆಟ್ಟಾ ಮೀನಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಇನ್ನೊಂದು ಉಸಿರಾಟದ ಅಂಗವಿದೆ. ಆಗಾಗ ಮೇಲಕ್ಕೆ ಬಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತದೆ. ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ಕಾಲುವೆಗಳಲ್ಲಿ ಬೆಳೆದ ಮೀನು ಅದು. ಅಲ್ಲಿ ಅದನ್ನು ಪ್ಲಾ ಕಾಟ್, ಅಂದರೆ ಕಚ್ಚುವ ಮೀನು ಅನ್ನುತ್ತಾರೆ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯ ನೀರು ಮೊಣಕಾಲಿನವರೆಗೂ ಇರಲಿಕ್ಕಿಲ್ಲ. ಆದರೆ ಅದರ ಹರವು ಎಷ್ಟು! ಜೊತೆಗೆ ಬೆಚ್ಚಗಿನ ನಾಡು, ಹುಲ್ಲು, ಕೊಳೆತ ಎಲೆ, ಹುಳುಹುಪ್ಪಟೆ. ಅದನ್ನೆಲ್ಲ ಬಿಟ್ಟು ಗಾಳಿ ಕುಡಿಯುತ್ತದೆ ಎಂಬ ಒಂದೇ ಮಾತನ್ನು ಹಿಡಿದುಕೊಂಡು ನಾವು ಅದನ್ನು ಬಟ್ಟಲಿಗೆ ಹಾಕುತ್ತೇವೆ.

ಡಿಸೆಂಬರ್ ಕೊನೆಯ ವಾರ. ದೆಹಲಿಯ ಚಳಿ ನಿಮಗೆ ಗೊತ್ತೇ ಇದೆ. ಒಂದು ಬೆಳಿಗ್ಗೆ ಮಗ ಅಡುಗೆಮನೆಗೆ ಓಡಿಬಂದು, "ಅಮ್ಮಾ, ಕೆಂಪಣ್ಣ ಮಲಗಿಬಿಟ್ಟಿದ್ದಾನೆ" ಅಂದ. ಹೋಗಿ ನೋಡಿದರೆ ಮೀನು ಕಲ್ಲಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಸೆರಗಿನಂತೆ ಹರಡಿರುತ್ತಿದ್ದ ಬಾಲ ಮುಚ್ಚಿದ ಕೊಡೆಯಂತೆ ಮುದುಡಿದೆ. ಅಂಚು ಹರಿದು ಚಿಂದಿಯಾಗಿದೆ, ಹರಿದಲ್ಲಿ ಕಪ್ಪು ಗೆರೆ. ಬಣ್ಣ ಮಾಸಿದೆ. ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವ ಕೆಲಸವೇ. ಅಂಗಡಿಗೆ ಓಡಿದೆ. ಒಂದು ನೀಲಿ ಬಾಟಲಿ, ಒಂದು ಹಳದಿ ಬಾಟಲಿ ಕೊಟ್ಟರು. ನೀಲಿಯ ಎರಡು ಹನಿ, ಹಳದಿಯ ಎರಡು ಹನಿ. ಸಂಜೆಯ ಹೊತ್ತಿಗೆ ಬಟ್ಟಲಿನ ನೀರು ಹಸಿರಾಯಿತು, ಮೀನು ಇನ್ನಷ್ಟು ಕುಗ್ಗಿತು. ಪಕ್ಕದ ಮನೆಯವರು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕಿ ಅಂದರು. ನಾನು ಅದನ್ನೂ ಹಾಕುತ್ತಿದ್ದೆನೋ ಏನೋ.

ಆಗ ನಮ್ಮತ್ತೆ ಊರಿನಿಂದ ಬಂದಿದ್ದರು. ಶಿವಮೊಗ್ಗದ ಕಡೆಯವರು, ಗದ್ದೆ ಮನೆಯಲ್ಲಿ ಬೆಳೆದವರು. ಎರಡು ಸ್ವೆಟರು, ಮೇಲೊಂದು ಶಾಲು ಹೊದ್ದು ಬಟ್ಟಲಿನ ಮುಂದೆ ಕುಳಿತಿದ್ದರು. ಬೆರಳು ನೀರಿಗೆ ಅದ್ದಿ ತಟ್ಟನೆ ತೆಗೆದು, "ಏನೇ ಇದು, ಐಸ್ ಆಗಿದೆಯಲ್ಲ! ಇದಕ್ಕೆ ಚಳಿಯಾಗಿದೆ ಕಣೇ" ಅಂದರು. ನನಗೆ ನಗು ಬಂತು. ಮೀನಿಗೆ ಚಳಿಯೇ? ಆದರೂ ಜ್ವರ ನೋಡುವುದಲ್ಲದ, ನೀರಿಗೆ ಹಾಕುವ ಥರ್ಮಾಮೀಟರ್ ಒಂದನ್ನು ತರಿಸಿ ಇಟ್ಟೆ. ಹದಿನೈದು ಡಿಗ್ರಿ. ಈ ಮೀನಿಗೆ ಬೇಕಾದದ್ದು 25ರಿಂದ 27 ಡಿಗ್ರಿ ಸೆಲ್ಸಿಯಸ್.

ನಮ್ಮ ಮೈಗೆ ತನ್ನದೇ ಬಿಸಿಯಿದೆ. ಹೊರಗೆ ಐದು ಡಿಗ್ರಿ ಇದ್ದರೂ ಒಳಗೆ 37. ಮೀನಿಗೆ ಆ ಸವಲತ್ತಿಲ್ಲ. ನೀರು ಎಷ್ಟು ತಣ್ಣಗೋ ಅದರ ರಕ್ತ ಅಷ್ಟೇ ತಣ್ಣಗೆ. ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಕುಂದುತ್ತದೆ. ಬಾಲ ಕೊಳೆಯುವ ರೋಗದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನೀರಿನಲ್ಲಿ ಮೊದಲಿನಿಂದಲೂ ಇರುತ್ತವೆ. ಮೀನು ಸೋತಾಗ ಅವು ಗೆಲ್ಲುತ್ತವೆ. ಮುಂಬೈ, ಚೆನ್ನೈಯಲ್ಲಿರುವ ನಿಮ್ಮ ನೆಂಟರಿಗೆ ಈ ತೊಂದರೆ ಅಷ್ಟಾಗಿ ಇರಲಿಕ್ಕಿಲ್ಲ. ಅವರು ಎಚ್ಚರ ವಹಿಸಬೇಕಾದದ್ದು ರಾತ್ರಿಯಿಡೀ ಓಡುವ ಎ.ಸಿ. ಬಗ್ಗೆ.

ಚಳಿ ಒಂದು ಕಾರಣವಾಯಿತು. ಇನ್ನೊಂದು ಕಣ್ಣಿಗೆ ಕಾಣದ್ದು. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ. ತಿನ್ನದೆ ಬಿಟ್ಟ ಕಾಳು, ಮಲ ಕೊಳೆತರೂ ಅಮೋನಿಯಾ. ನಮ್ಮತ್ತೆ ಪ್ರೀತಿಯಿಂದ ಹಾಕುತ್ತಿದ್ದ ಇಡ್ಲಿ ಚೂರಿನದೂ ಅದೇ ಗತಿ. (ಬೆಟ್ಟಾ ಹುಳು ತಿನ್ನುವ ಮೀನು ಎಂದು ಹೇಳಿದಾಗ ಅವರಿಗೆ ಸ್ವಲ್ಪ ಬೇಸರವಾಯಿತು.) ದೊಡ್ಡ ತೊಟ್ಟಿಯಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಳ್ಳೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಮಾಡುತ್ತವೆ. ಎರಡು ಲೀಟರಿನ ಬಟ್ಟಲಿನಲ್ಲಿ ಅವಕ್ಕೆ ನೆಲೆಯೇ ಇಲ್ಲ. ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ಕಿವಿರನ್ನು ಸುಡುತ್ತಿರುತ್ತದೆ. ಪರೀಕ್ಷೆಯ ಕಿಟ್ ತಂದು ನೋಡಿದೆ. ಕೊಳವೆಯ ನೀರು ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲವೆಂದು ಲೆಕ್ಕ. ನಮ್ಮದು ಗಿಳಿ ಹಸಿರಾಯಿತು. ಗಾಳಿ ಕುಡಿಯುವ ಶಕ್ತಿ ಇದ್ದರೂ ಆ ವಿಷದಿಂದ ಪಾರಾಗಲು ಅದಕ್ಕೆ ದಾರಿಯಿಲ್ಲ.

ಅಲ್ಲಿಗೆ ನನಗೆ ಒಂದು ವಿಷಯ ಅರ್ಥವಾಯಿತು. ನಾನು ಮೀನಿಗೆ ಔಷಧಿ ಹುಡುಕುತ್ತಿದ್ದೆ, ಕಾಯಿಲೆ ಬಿದ್ದದ್ದು ನೀರು. ನಿಮ್ಮ ಮನೆಯಲ್ಲೂ ಇಂಥದೊಂದು ಮೀನು ಮುದುಡಿ ಕುಳಿತಿದ್ದರೆ ಬಾಟಲಿಗೆ ಕೈ ಹಾಕುವ ಮೊದಲು ಥರ್ಮಾಮೀಟರ್ ಮತ್ತು ಆ ಕಿಟ್ ಎರಡನ್ನೂ ತನ್ನಿ. ಎರಡು ಬಾಟಲಿ ಔಷಧಿಗೆ ಕೊಡುವ ಹಣಕ್ಕಿಂತ ಕೊಂಚ ಹೆಚ್ಚಾದೀತು ಅಷ್ಟೆ.

ಈಗ ನಾವು ಏನು ಮಾಡಿದೆವು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೋಪು ಎಂದೂ ಮುಟ್ಟದ ಹೊಸ ಪ್ಲಾಸ್ಟಿಕ್ ಟಬ್ಬು ಒಂದನ್ನು ಆಸ್ಪತ್ರೆ ಮಾಡಿದೆವು. ಎಂಟು ಲೀಟರು ನೀರು, ಆಳ ಒಂದು ಗೇಣಿಗಿಂತ ಕಡಿಮೆ. ಆಳ ಕಡಿಮೆ ಇರುವುದು ಮುಖ್ಯ. ಗಾಳಿಗಾಗಿ ಮೇಲಕ್ಕೆ ಬರಲೇಬೇಕಾದ ಮೀನು ಇದು, ನಿತ್ರಾಣವಾದಾಗ ಮೇಲಕ್ಕೆ ಬರಲಾರದೆ ನೀರಿನಲ್ಲೇ ಉಸಿರುಕಟ್ಟಿ ಸಾಯಬಹುದು. ಮೀನು ನೀರಿನಲ್ಲಿ ಉಸಿರುಕಟ್ಟುವುದೇ ಎಂದು ನೀವು ನಗಬಹುದು, ನಾನೂ ನಕ್ಕಿದ್ದೆ.

ಆ ನೀರು ಯಾವುದು? ನಾನು ಅಲ್ಲಿಯವರೆಗೆ ಹಾಕುತ್ತಿದ್ದದ್ದು ಆರ್.ಓ. ನೀರು. ನಾವು ಕುಡಿಯುವುದನ್ನೇ ಅದಕ್ಕೂ ಕೊಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಆದರೆ ಆರ್.ಓ. ಯಂತ್ರ ಮೀನಿಗೆ ಬೇಕಾದ ಖನಿಜಗಳನ್ನೂ ತೆಗೆದುಬಿಡುತ್ತದೆ, ಅಂಥ ನೀರಿನ ಆಮ್ಲತೆ ಬೇಗ ಏರುಪೇರಾಗುತ್ತದೆ. ನಲ್ಲಿಯ ನೀರೇ ವಾಸಿ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣದ ಕೆಲವು ಹನಿ ಸಾಕು. ಬಾಟಲಿಯ ಮೇಲೆ ಬರೆದ ಅಳತೆ ಮೀರಬೇಡಿ.

ಬಿಸಿಯ ವಿಷಯದಲ್ಲಿ ಅತ್ತೆ ಹೇಳಿದ್ದು ರೂಮ್ ಹೀಟರಿನ ಮುಂದೆ ಇಡು ಎಂದು. ಅದು ಆಗದು. ಹೀಟರ್ ಹಾಕಿದಾಗ ಬಿಸಿ, ಆರಿಸಿದಾಗ ತಣ್ಣಗೆ, ಈ ಏರಿಳಿತ ಚಳಿಗಿಂತ ಕೆಟ್ಟದ್ದು. ತಾನೇ ಆರಿ ತಾನೇ ಹತ್ತುವ, ಥರ್ಮೋಸ್ಟಾಟ್ ಇರುವ ಅಕ್ವೇರಿಯಂ ಹೀಟರ್ ತಂದೆವು, ಐವತ್ತು ವಾಟಿನದು. ಹದಿನೈದರಿಂದ ಇಪ್ಪತ್ತಾರಕ್ಕೆ ಒಂದೇ ಏಟಿಗೆ ಏರಿಸಲಿಲ್ಲ. ದಿನಕ್ಕೆ ಎರಡು ಮೂರು ಡಿಗ್ರಿಯಂತೆ ನಾಲ್ಕೈದು ದಿನ ತೆಗೆದುಕೊಂಡೆವು. ಸುತ್ತ ಥರ್ಮೋಕೋಲ್ ಹಾಳೆ, ಮೇಲೆ ಗಾಳಿಯಾಡುವಂಥ ಮುಚ್ಚಳ. ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ನೀರಿಗೆ ಕೈ ಹಾಕುವ ಮೊದಲು ಹೀಟರಿನ ಪ್ಲಗ್ಗು ತೆಗೆಯಿರಿ. ನೀರು ಬದಲಿಸುವಾಗ ಹೀಟರ್ ಹೊತ್ತಿಕೊಂಡೇ ಇದ್ದು ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ. ಕೈಯಲ್ಲಿ ಗಾಯವಿದ್ದರೆ ಆ ನೀರನ್ನು ಮುಟ್ಟಬೇಡಿ, ಮೀನಿನ ಕೆಲವು ರೋಗಾಣು ನಮ್ಮ ಚರ್ಮಕ್ಕೂ ಅಂಟುತ್ತವೆ.

ಪ್ರತಿದಿನ ಅರ್ಧದಷ್ಟು ನೀರು ತೆಗೆದು ಅಷ್ಟೇ ಬಿಸಿಯ ಹೊಸ ನೀರು ಹಾಕುವುದು ಮಗನ ಮತ್ತು ನನ್ನ ಕೆಲಸವಾಯಿತು. ಗೀಸರಿನ ನೀರನ್ನು ಸ್ವಲ್ಪ ಬೆರೆಸಿ, ಥರ್ಮಾಮೀಟರ್ ನೋಡಿ ಹದ ಮಾಡುತ್ತಿದ್ದೆವು, ಎಳೆಮಗುವಿಗೆ ಸ್ನಾನದ ನೀರು ಹದ ಮಾಡಿದಂತೆ. ಔಷಧಿಯೆಂದು ಬಳಸಿದ್ದು ಉಪ್ಪು ಮಾತ್ರ. ಅಕ್ವೇರಿಯಂ ಉಪ್ಪು, ಇಲ್ಲದಿದ್ದರೆ ಏನೂ ಬೆರೆಸದ ಕಲ್ಲುಪ್ಪು, ನಾಲ್ಕು ಲೀಟರಿಗೆ ಒಂದು ಟೀ ಚಮಚ ಮಟ್ಟಸವಾಗಿ, ಬೇರೆ ಲೋಟದಲ್ಲಿ ಕರಗಿಸಿ ನಿಧಾನವಾಗಿ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ತೆಗೆದ ನೀರಿನ ಪಾಲಿಗೆ ಮಾತ್ರ ಮತ್ತೆ ಉಪ್ಪು ಸೇರಿಸಬೇಕು. ಹತ್ತು ದಿನಕ್ಕಿಂತ ಹೆಚ್ಚು ಮುಂದುವರಿಸಬಾರದು.

ಇನ್ನೊಂದು ವಸ್ತು ಪುಕ್ಕಟೆಯಾಗಿ ಸಿಕ್ಕಿತು, ಕಾಡು ಬಾದಾಮಿಯ ಒಣ ಎಲೆ. ಕೊಡೆಯಂತೆ ಅಂತಸ್ತು ಅಂತಸ್ತಾಗಿ ಕೊಂಬೆ ಹರಡಿ, ಉದುರುವ ಮೊದಲು ಎಲೆ ಕೆಂಪಾಗುವ ಮರ. ಬೆಂಗಳೂರು, ಮಂಗಳೂರಿನಲ್ಲಿ ಶಾಲೆಯ ಅಂಗಳದಲ್ಲಿ ಅದರ ಕಾಯಿ ಜಜ್ಜಿ ತಿಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇರಬಹುದು. ಊರಿನಿಂದ ಬರುವ ನೆಂಟರ ಕೈಯಲ್ಲಿ ಹಪ್ಪಳದ ಜೊತೆ ಹತ್ತು ಎಲೆ ತರಿಸಿದೆ. ತಾನಾಗಿ ಉದುರಿ ಒಣಗಿದ, ಔಷಧಿ ಹೊಡೆಯದ ಮರದ ಎಲೆಯಾಗಬೇಕು. ತೊಳೆದು ಒಂದು ತುಂಡು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಥಾಯ್ಲೆಂಡಿನಲ್ಲಿ ಈ ಮೀನು ಸಾಕುವವರು ಹಿಂದಿನಿಂದಲೂ ಇದನ್ನು ಬಳಸುತ್ತಾರೆ. ಎಲೆಯಲ್ಲಿರುವ ಒಗರು ಪದಾರ್ಥಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಕೊಂಚ ಇದೆ. ಪವಾಡವನ್ನು ನಿರೀಕ್ಷಿಸಬೇಡಿ.

ಆ ಕ್ಯಾಪ್ಸೂಲ್ ನಾನು ಕೊನೆಗೂ ಹಾಕಲಿಲ್ಲ. ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ, ದೆಹಲಿಯ ಬೋರ್‌ವೆಲ್ ನೀರು ಎಷ್ಟು ಗಡಸೆಂದು ನಿಮ್ಮ ಬಕೆಟ್ಟಿನ ಬಿಳಿ ಕಲೆಯೇ ಹೇಳುತ್ತದೆ. ಅಳತೆಯಿಲ್ಲದೆ ಆಂಟಿಬಯೋಟಿಕ್ ಸುರಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಹುದು, ಕೆಟ್ಟವು ಅದನ್ನು ತಡೆದುಕೊಳ್ಳಲು ಕಲಿಯಬಹುದು. ನೀಲಿ ಬಾಟಲಿ, ಅಂದರೆ ಮಿಥಿಲೀನ್ ಬ್ಲೂ, ಬೂಷ್ಟಿನಂಥ ಕೆಲವು ರೋಗಕ್ಕೆ ಉಪಯೋಗವಿದೆ. ಆದರೆ ಅದನ್ನು ಆಸ್ಪತ್ರೆಯ ಟಬ್ಬಿನಲ್ಲಿ ಮಾತ್ರ ಹಾಕಬೇಕು, ಫಿಲ್ಟರ್ ಇರುವ ತೊಟ್ಟಿಗಲ್ಲ. ಎರಡು ಔಷಧಿ ಬೆರೆಸುವುದಂತೂ ಬೇಡವೇ ಬೇಡ.

ಎಲ್ಲ ಕಾಯಿಲೆಯೂ ಕೆಂಪಣ್ಣನದರಂತೆ ಇರುವುದಿಲ್ಲ. ಮೈಮೇಲೆ ಸಕ್ಕರೆ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ ಎಂಬ ಪರೋಪಜೀವಿ. ಚುಕ್ಕೆ ಮಾಯವಾದ ಕೂಡಲೇ ಔಷಧಿ ನಿಲ್ಲಿಸಿದವರು ವಾರದಲ್ಲಿ ಮತ್ತೆ ಚುಕ್ಕೆ ಕಾಣುತ್ತಾರೆ. ಏಕೆಂದರೆ ಅದು ಮೀನಿನಿಂದ ಉದುರಿ, ತಳದಲ್ಲಿ ಒಡೆದು ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಔಷಧಿ ಅದನ್ನು ಕೊಲ್ಲುತ್ತದೆ. ಕತ್ತಲೆಯಲ್ಲಿ ಟಾರ್ಚ್ ಬಿಟ್ಟಾಗ ಮೈಮೇಲೆ ಚಿನ್ನದ ಪುಡಿ ಹೊಳೆದರೆ ಅದು ಬೇರೆ, ವೆಲ್ವೆಟ್ ರೋಗ, ಇದು ಬೇಗ ಕೊಲ್ಲುತ್ತದೆ. ಹೊಟ್ಟೆ ಉಬ್ಬಿ ಮೀನು ತಲೆಕೆಳಗಾಗಿ ತೇಲುತ್ತಿದ್ದರೆ ಬಹಳ ಸಲ ಕಾರಣ ನಮ್ಮ ಪ್ರೀತಿ. ಅದರ ಹೊಟ್ಟೆ ಹೆಚ್ಚೆಂದರೆ ಅದರ ಕಣ್ಣಿನಷ್ಟು. ಹೊತ್ತಿಗೆ ಎರಡು ಮೂರು ಕಾಳು, ದಿನಕ್ಕೆ ಎರಡು ಹೊತ್ತು. ಉಬ್ಬಿದಾಗ ಒಂದೆರಡು ದಿನ ಉಪವಾಸ ಹಾಕಿ, ಏನೂ ಆಗುವುದಿಲ್ಲ. ನಮ್ಮತ್ತೆಗೆ ಒಪ್ಪಿಗೆಯಾದ ಒಂದೇ ಚಿಕಿತ್ಸೆ ಇದು, ಏಕಾದಶಿ ಎಂದು ನಕ್ಕರು.

ಕೆಂಪಣ್ಣ ಐದನೆಯ ದಿನ ಒಂದು ಕಾಳು ತಿಂದ. ಮನೆಯಲ್ಲಿ ಯಾರಿಗೋ ಕೆಲಸ ಸಿಕ್ಕಿದಂಥ ಸಂಭ್ರಮ. ಮೂರನೆಯ ವಾರಕ್ಕೆ ಬಾಲದ ಹರಿದ ಅಂಚಿನಲ್ಲಿ ಗಾಜಿನಂತೆ ಪಾರದರ್ಶಕವಾದ ಹೊಸ ಪೊರೆ ಬೆಳೆಯಿತು. ಅದೇ ವಾಸಿಯಾಗುತ್ತಿರುವ ಗುರುತು, ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಇಪ್ಪತ್ತೈದು ಲೀಟರಿನ ಆಯತಾಕಾರದ ತೊಟ್ಟಿ ತಂದು, ನಿಧಾನವಾಗಿ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಹಾಕಿದ್ದೆವು. ಒಳ್ಳೆಯ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಪರೀಕ್ಷೆ. ಗುಂಡನೆಯ ಬಟ್ಟಲಿನಲ್ಲಿ ಈಗ ಬಟನ್ನು, ಸೂಜಿದಾರ ಇಟ್ಟಿದ್ದೇನೆ.

ಆ ಪಾರ್ಟಿಯಿಂದ ಹೋದ ಉಳಿದ ಹನ್ನೊಂದು ಮೀನುಗಳ ಬಗ್ಗೆ ಕಾಲನಿಯಲ್ಲಿ ವಿಚಾರಿಸಿದೆ. ಸಂಕ್ರಾಂತಿಯ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಏನೂ ಬೇಡದ ಮೀನು ಎಂದೇ ಹೇಳಿದ್ದರು.

ಕೆಂಪಣ್ಣ ಆಮೇಲೆ ಸುಮಾರು ಎರಡು ವರ್ಷ ಬದುಕಿದ. ಈ ಮೀನಿನ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು, ಅಂಗಡಿಯಲ್ಲಿ ಕಾಣುವಾಗಲೇ ಅದಕ್ಕೆ ಆರೆಂಟು ತಿಂಗಳಾಗಿರುತ್ತದೆ. 2023ರ ದೀಪಾವಳಿಯ ನಂತರ ಅವನ ಹೊಟ್ಟೆ ಊದಿಕೊಂಡಿತು. ಮೇಲಿನಿಂದ ನೋಡಿದರೆ ಮೈಯ ಹುರುಪೆಗಳು ಅನಾನಸಿನ ಸಿಪ್ಪೆಯಂತೆ ಎದ್ದು ನಿಂತಿದ್ದವು. ಇದಕ್ಕೆ ಡ್ರಾಪ್ಸಿ ಅನ್ನುತ್ತಾರೆ. ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿಕೊಂಡಿರುವ ಲಕ್ಷಣ. ಮೀನು ನೋಡುವ ಪಶುವೈದ್ಯರು ಸುಲಭವಾಗಿ ಸಿಗುವುದಿಲ್ಲ. ಹೇಗೋ ಒಬ್ಬರನ್ನು ಹುಡುಕಿ ವೀಡಿಯೊ ಕಳಿಸಿದೆ. ಅವರು ಮೊದಲು ಕೇಳಿದ್ದು ನೀರಿನ ಬಿಸಿ ಎಷ್ಟು, ಅಮೋನಿಯಾ ಎಷ್ಟು ಎಂದು. ಎರಡೂ ಸರಿಯಾಗಿತ್ತು. ಈ ಹಂತಕ್ಕೆ ಬಂದರೆ ಉಳಿಯುವುದು ಅಪರೂಪ ಎಂದರು. ಊತ ಇಳಿಯಲು ಎಪ್ಸಮ್ ಉಪ್ಪು ಹಾಕಿ ನೋಡಿ, ಆಳ ಕಡಿಮೆ ಮಾಡಿ ಎಂದರು.

"ಹೋದ ಸಲ ವಾಸಿ ಮಾಡಿದೆವಲ್ಲ ಅಮ್ಮಾ, ಈ ಸಲ ಯಾಕೆ ಆಗಲ್ಲ?" ಎಂದು ಮಗ ಕೇಳಿದ. ಹೋದ ಸಲ ನೀರು ಕೆಟ್ಟಿತ್ತು, ಈ ಸಲ ನೀರು ಚೆನ್ನಾಗಿದೆ, ಅವನಿಗೇ ವಯಸ್ಸಾಗಿದೆ ಎಂದೆ. ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು. ಮೀನು ಬಹಳ ನರಳುತ್ತಿದ್ದರೆ ಲವಂಗದ ಎಣ್ಣೆಯಿಂದ ನಿದ್ದೆ ಬರಿಸಿ ನೋವಿಲ್ಲದೆ ಕಳಿಸುವ ಕ್ರಮವಿದೆ, ಬೇಕಾದರೆ ಅಳತೆ ಹೇಳುತ್ತೇನೆ ಎಂದು ವೈದ್ಯರು ಹೇಳಿದ್ದರು. ನೀವೂ ಆ ಹಂತಕ್ಕೆ ಬಂದರೆ ವೈದ್ಯರನ್ನು ಕೇಳಿಯೇ ಮಾಡಿ. ಜೀವಂತ ಮೀನನ್ನು ಟಾಯ್ಲೆಟ್ಟಿಗೆ ಸುರಿಯುವುದು, ಪುಣ್ಯ ಬರುತ್ತದೆಂದು ಯಮುನೆಗೋ ಕೆರೆಗೋ ಬಿಡುವುದು ಎರಡೂ ಬೇಡ. ಮೊದಲನೆಯದು ಕ್ರೌರ್ಯ, ಎರಡನೆಯದರಲ್ಲಿ ಅಲ್ಲಿನ ಮೀನುಗಳಿಗೂ ರೋಗ ಹಂಚಿದಂತೆ.

ನಮಗೆ ಆ ತೀರ್ಮಾನ ಮಾಡುವ ಪ್ರಸಂಗ ಬರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವನು ಬಾದಾಮಿ ಎಲೆಯ ಮೇಲೆ ಒರಗಿಕೊಂಡು ಹೋಗಿಬಿಟ್ಟಿದ್ದ. ಫೋನಿನಲ್ಲಿ ತಿಳಿಸಿದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತುಳಸಿ ಕುಂಡದಲ್ಲಿ ಹೂಳಬೇಡಿ, ಕರಿಬೇವಿನದರಲ್ಲಿ ಹೂಳಿ ಅಂದರು. ಹಾಗೇ ಮಾಡಿದೆವು.

ಖಾಲಿ ತೊಟ್ಟಿಯನ್ನು ಎತ್ತಿಡೋಣ ಎಂದರೆ ಮಗ ಬಿಡಲಿಲ್ಲ. ಫಿಲ್ಟರ್ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ದಿನವೂ ಎರಡು ಕಾಳು ನೀರಿಗೆ ಹಾಕುತ್ತಿದ್ದ, ಯಾರೂ ತಿನ್ನದ ಕಾಳು. ಆಸ್ಪತ್ರೆಯ ಟಬ್ಬು, ಬಲೆ ಎಲ್ಲವನ್ನೂ ತೊಳೆದು ಬಿಸಿಲಿಗೆ ಇಟ್ಟು ಒಣಗಿಸಿದ. ಫೆಬ್ರವರಿಯ ಕೊನೆಗೆ ಚಳಿ ಇಳಿದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಸಾಲಾಗಿ ಇಟ್ಟ ಪ್ಲಾಸ್ಟಿಕ್ ಲೋಟಗಳಲ್ಲಿ ನೀಲಿ, ಬಿಳಿ, ಕೆಂಪು ಮೀನುಗಳು. ಮಗ ಬಣ್ಣ ನೋಡಲಿಲ್ಲ. ಒಂದೊಂದು ಲೋಟವನ್ನೂ ಬೆಳಕಿಗೆ ಹಿಡಿದು ಬಾಲ ಹರಡಿದೆಯೇ, ಬೆರಳು ತಂದರೆ ತಿರುಗುತ್ತದೆಯೇ ಎಂದು ನೋಡುತ್ತಾ ಹೋದ. ಕೊನೆಗೆ ಆರಿಸಿದ್ದು ಬೂದು ಬಣ್ಣದ, ಯಾರೂ ಕೇಳದ ಒಂದನ್ನು. ಹಣ ಕೊಡುವಾಗ ಅಂಗಡಿಯವನು ವಾಡಿಕೆಯಂತೆ, ಇದಕ್ಕೆ ಏನೂ ಬೇಡ ಎಂದು ಶುರುಮಾಡಿದ. ಹನ್ನೊಂದು ವರ್ಷದ ನನ್ನ ಮಗ ಅವನಿಗೆ ಹಿಂದಿಯಲ್ಲಿ ಅಮೋನಿಯಾದ ಪಾಠ ಆರಂಭಿಸಿದ. ನಾನು ಹೊರಗೆ ಬಂದು ಆಟೋ ಹುಡುಕಿದೆ.